ಸಹಾಯ ಬೇಕು: ಲಿಂಕಿಂಗ್ ವರ್ಬ್ ಆದಮೇಲೆ ‘ವೆಲ್’ ಹೇಗೆ ಬಂತು?

ಎಲ್ಲರಿಗೂ ನಮಸ್ಕಾರ. ಮಗಳು ಎಂಟನೇ ಕ್ಲಾಸು. ಅವಳಿಗೆ ಇಂಗ್ಲಿಷ್ ಗ್ರಾಮರ್ ಹೇಳಿಕೊಡಲು ಕೂತು ಈಗ ನಾನೇ ಸಿಕ್ಕಿಹಾಕಿಕೊಂಡಿದ್ದೇನೆ.

‘ಅವಳು ಟೀಚರ್’ ಅಂದರೆ ಕನ್ನಡದಲ್ಲಿ ಮಾತು ಮುಗಿಯಿತು, ಕ್ರಿಯಾಪದವೇ ಬೇಡ. ಇಂಗ್ಲಿಷಿನಲ್ಲಿ ನಡುವೆ ‘ಈಸ್’ ಇರಲೇಬೇಕು. ಅದು ‘ಅವಳು’, ‘ಟೀಚರ್’ ಎರಡನ್ನೂ ಜೋಡಿಸುವ ಕ್ರಿಯಾಪದ, ಅಂದರೆ ಲಿಂಕಿಂಗ್ ವರ್ಬ್. ಇಲ್ಲಿತನಕ ಸರಿ.

ಲುಕ್, ಸ್ಮೆಲ್, ಟೇಸ್ಟ್ ಬಂದಾಗ ತಲೆ ಕೆಟ್ಟಿತು. ಆ ಜಾಗದಲ್ಲಿ ‘ಈಸ್’ ಹಾಕಿ ನೋಡಿ, ಅರ್ಥ ಕೂಡಿದರೆ ಲಿಂಕಿಂಗ್ ವರ್ಬ್ ಅಂತ ಒಂದು ಉಪಾಯ ಇದೆಯಲ್ಲ, ಅದನ್ನೇ ಹಿಡಿದೆವು. ‘ದ ಸಾಂಬಾರ್ ಟೇಸ್ಟ್ಸ್ ಸಾಲ್ಟಿ’ಗೆ ಸರಿಹೋಯಿತು. ‘ಶಿ ಟೇಸ್ಟೆಡ್ ದ ಸಾಂಬಾರ್’ಗೆ ಹಾಕಿದರೆ ಅವಳೇ ಸಾಂಬಾರ್ ಆಗಿಬಿಡುತ್ತಾಳೆ! ಮಗಳು ನಕ್ಕೂ ನಕ್ಕೂ ಸುಸ್ತಾದಳು.

ಲಿಂಕಿಂಗ್ ವರ್ಬ್ ಆದಮೇಲೆ ‘ಎಂಥದ್ದು’ ಅಂತ ಹೇಳುವ ಅಡ್ಜೆಕ್ಟಿವ್ ಬರಬೇಕು, ‘ಹೇಗೆ’ ಅಂತ ಹೇಳುವ ಅಡ್ವರ್ಬ್ ಅಲ್ಲ ಅಂತಲೂ ಬರೆಸಿದ್ದೆ. ‘ದ ಮಿಲ್ಕ್ ಸ್ಮೆಲ್ಸ್ ಬ್ಯಾಡ್’, ‘ಬ್ಯಾಡ್ಲಿ’ ಅಲ್ಲ. ಹಾಲಿಗೇನು ಮೂಗಿದೆಯಾ ಸರಿಯಾಗಿ ಮೂಸಲು ಅಂತ ಜಂಬದಿಂದ ಹೇಳಿದ್ದೆ. ಅಷ್ಟರಲ್ಲಿ ಅವಳು ಪುಸ್ತಕದಲ್ಲಿದ್ದ ‘ಯು ಲುಕ್ ವೆಲ್’ ತೋರಿಸಿದಳು. ‘ಶಿ ಸಿಂಗ್ಸ್ ವೆಲ್’ನಲ್ಲಿ ವೆಲ್ ಅಡ್ವರ್ಬ್ ಅಲ್ವಾ? ಅದು ಲುಕ್ ಆದಮೇಲೆ ಹೇಗೆ ಬಂತು? ಡಿಕ್ಷನರಿ ತೆಗೆದರೆ ವೆಲ್ ಎದುರಿಗೆ ಅಡ್ಜೆಕ್ಟಿವ್, ಅಡ್ವರ್ಬ್ ಎರಡೂ ಇವೆ. ಗೊಂದಲ ಇನ್ನೂ ಜಾಸ್ತಿ ಆಯಿತು. ‘ನಾಳೆ ಹೇಳ್ತೀನಿ’ ಅಂತ ಸುಮ್ನೆ ಜಾರಿಕೊಂಡಿದ್ದೇನೆ.

ಗೊತ್ತಿದ್ದವರು ಹೇಳಿ: ‘ಯು ಲುಕ್ ವೆಲ್’ನಲ್ಲಿ ವೆಲ್ ಅಡ್ಜೆಕ್ಟಿವ್ ಅಂತಲೇ ಲೆಕ್ಕವಾ? ಹಾಗಿದ್ದರೆ ‘ಯು ಲುಕ್ ಗುಡ್’ಗೂ ಇದಕ್ಕೂ ಅರ್ಥದಲ್ಲಿ ಏನು ವ್ಯತ್ಯಾಸ?