ಆಟ ಬಿಟ್ಟು ಮಂಕಾದ ಹುಡುಗನನ್ನು ಮಾತಿಗೆಳೆಯುವುದು ಹೇಗೆ? ಕಲಬುರಗಿಯವರ ಅನುಭವ

ಕೇಳಿದವರು:
ನಮ್ಮದು ಕಲಬುರಗಿಯ ಸಣ್ಣ ಕಬಡ್ಡಿ ತಂಡ. ನಮ್ಮ ಒಳ್ಳೆಯ ರೈಡರ್‌ಗೆ ಮೊಣಕಾಲಿನ ಲಿಗಮೆಂಟ್ ಹರಿದಿದೆ. ಅಲ್ಲಿಂದ ಪ್ರಾಕ್ಟೀಸ್ ನೋಡೋಕೂ ಬರಲ್ಲ, ಫೋನ್ ಎತ್ತಲ್ಲ. ಸಿಕ್ಕರೆ "ಏನಿಲ್ಲಣ್ಣ, ಆರಾಮ ಅದೀನಿ" ಅನ್ನುತ್ತಾನೆ. ಡಿಪ್ರೆಶನ್ ಇರಬಹುದಾ ಅಂತ ಅನುಮಾನ. ತಂಡದಲ್ಲಿ ಈ ಮಾತೆತ್ತಿದರೆ ನಗುತ್ತಾರೆ. ಹೇಗೆ ಶುರು ಮಾಡಲಿ?

ಜೇವರ್ಗಿ ಕಡೆಯ ಕಬಡ್ಡಿ ಕೋಚ್:
ತಂಡದ ಮುಂದೆ ಮಾತ್ರ ಕೇಳಬೇಡಿ. ಬೈಕ್ ಮೇಲೆ ಹಿಂದೆ ಕೂರಿಸಿಕೊಂಡು ಸುಮ್ನೆ ಒಂದು ಸುತ್ತು ಹೋಗಿ. ಎದುರುಬದುರು ಕೂತು ಮನಸ್ಸಿನ ಮಾತು ಹೇಳೋದು ನಮ್ಮ ಹುಡುಗರಿಗೆ ಆಗಲ್ಲ. ಬೈಕ್ ಮೇಲೆ ಮುಖ ಕಾಣಲ್ಲ ನೋಡಿ, ಬಾಯಿ ಬಿಡುತ್ತಾರೆ.

"ಡಿಪ್ರೆಶನ್ ಆಗಿದೆಯಾ" ಅಂದರೆ "ಇಲ್ಲ" ಅಂತಲೇ ಉತ್ತರ. ನಾನು ಕೇಳೋದು ಹೀಗೆ: "ರಾತ್ರಿ ನಿದ್ದಿ ಬರ್ಲತದೇನೋ ತಮ್ಮಾ? ಊಟ ಸೇರ್ತದೇನು?" ಇದನ್ನು ಹೇಳೋಕೆ ಯಾರಿಗೂ ನಾಚಿಕೆ ಇಲ್ಲ. ನಿದ್ದೆ ಕೆಟ್ಟು, ಊಟ ಸೇರದೆ, ಯಾವುದರಲ್ಲೂ ಆಸಕ್ತಿ ಇಲ್ಲದೆ ಎರಡು ವಾರ ಕಳೆದಿದ್ದರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಅವರೂ ಎರಡು ವಾರದ ಲೆಕ್ಕವನ್ನೇ ಕೇಳುತ್ತಾರೆ.

ಅವನಿಗೊಂದು ಕೆಲಸವನ್ನೂ ಕೊಡಿ. ಸ್ಕೋರ್ ಬರೆಯಲಿ, ಚಿಕ್ಕ ಹುಡುಗರಿಗೆ ಬೋನಸ್ ಲೈನ್ ಮುಟ್ಟೋದು ಹೇಳಿಕೊಡಲಿ. ಕಾಲಿಗೆ ಪೆಟ್ಟಾದವನ ಸಂಜೆಗಳೆಲ್ಲ ಖಾಲಿ. ಗೆಳೆಯರೂ ಮೈದಾನದಲ್ಲೇ ಉಳಿದರು. ನನ್ನ ಪ್ರಕಾರ ಅರ್ಧ ಕಾಯಿಲೆ ಅಲ್ಲೇ ಬೆಳೆಯುತ್ತದೆ.

ಕ್ರಿಕೆಟ್ ಆಡುವವನು, ಸೇಡಂ ರಸ್ತೆ:
ನಗುವವರಿಗೆ ನಾನು ರಾಬಿನ್ ಉತ್ತಪ್ಪ ಅವರ ವಿಷಯ ಹೇಳುತ್ತೇನೆ. ನಮ್ಮ ಕರ್ನಾಟಕದವರೇ. 2007ರ ಟಿ20 ವಿಶ್ವಕಪ್‌ನಲ್ಲಿ ಪಾಕಿಸ್ತಾನದ ವಿರುದ್ಧ ಬೌಲ್ ಔಟ್‌ನಲ್ಲಿ (ಪಂದ್ಯ ಟೈ ಆದಾಗ ಬ್ಯಾಟ್ಸ್‌ಮನ್ ಇಲ್ಲದೆ ಖಾಲಿ ಸ್ಟಂಪ್‌ಗೆ ಬೌಲ್ ಮಾಡೋದು) ಸ್ಟಂಪ್‌ಗೆ ಹೊಡೆದವರು. 2009ರಿಂದ 2011ರ ಸುಮಾರಿಗೆ ಡಿಪ್ರೆಶನ್ ಇತ್ತು, ದಿನಾ ಸಾಯುವ ಯೋಚನೆ ಬರುತ್ತಿತ್ತು ಅಂತ 2020ರಲ್ಲಿ ಅವರೇ ಹೇಳಿದರು. ಅಷ್ಟೆಲ್ಲ ಆದ ಮೇಲೆ 2014ರ ಐಪಿಎಲ್‌ನಲ್ಲಿ 660 ರನ್ ಹೊಡೆದು, ಅತಿ ಹೆಚ್ಚು ರನ್ ಮಾಡಿದವರಿಗೆ ಕೊಡುವ ಆರೆಂಜ್ ಕ್ಯಾಪ್ ತಗೊಂಡರು. ಕೊಹ್ಲಿ ಕೂಡ 2014ರ ಇಂಗ್ಲೆಂಡ್ ಟೆಸ್ಟ್ ಸರಣಿಯಲ್ಲಿ, ಹತ್ತು ಇನಿಂಗ್ಸ್‌ಗೆ 134 ರನ್ ಬಂದಾಗ, ಡಿಪ್ರೆಶನ್‌ನಲ್ಲಿದ್ದೆ ಅಂತ 2021ರಲ್ಲಿ ಒಪ್ಪಿಕೊಂಡರು. ಇಷ್ಟು ಕೇಳಿದ ಮೇಲೆ ನಗೋದು ಕಡಿಮೆ ಆಗುತ್ತದೆ.

ಆದರೆ ಇದನ್ನು ಆ ಹುಡುಗನಿಗೇ ಹೇಳಿ "ಕೊಹ್ಲಿ ಎದ್ದು ಬಂದ, ನಿನಗೇನಾಗಿದೆ" ಅನ್ನಬೇಡಿ. ಅದು ಬೈದ ಹಾಗೇ ಅಲ್ವಾ?

ಆಳಂದದ ಪೈಲ್ವಾನನ ಅಣ್ಣ:
ತಮ್ಮನಿಗೆ ಹೀಗಾದಾಗ ಅವ್ವ "ನೆದರು ತಾಗಿದೆ" (ದೃಷ್ಟಿಯಾಗಿದೆ) ಅಂದಳು. ವಾದ ಮಾಡಲಿಲ್ಲ. ಶರಣಬಸವೇಶ್ವರ ಗುಡಿಗೂ ಹೋದೆವು, ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನಲ್ಲಿ ಮಾನಸಿಕ ರೋಗದ ಡಾಕ್ಟರಿಗೂ ತೋರಿಸಿದೆವು. ಮಾತ್ರೆ ಕೆಲಸ ಮಾಡೋಕೆ ಕೆಲವು ವಾರ ಬೇಕು. ನಡುವೆ "ಇದರಿಂದ ಏನೂ ಆಗ್ತಿಲ್ಲ" ಅಂತ ಬಿಡೋಕೆ ಹೊರಟಿದ್ದ. ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು.

ಅವನ ದೊಡ್ಡ ಭಯ ಬೇರೆಯೇ ಇತ್ತು: ಡೋಪ್ ಟೆಸ್ಟ್‌ನಲ್ಲಿ ಸಿಕ್ಕಿಬಿದ್ದರೆ? ಡಿಪ್ರೆಶನ್‌ಗೆ ಸಾಮಾನ್ಯವಾಗಿ ಕೊಡುವ ಎಸ್ಸಿಟಾಲೋಪ್ರಾಮ್, ಫ್ಲೂಯೊಕ್ಸೆಟಿನ್ ಮಾತ್ರೆಗಳು ಆಟಗಾರರಿಗೆ ನಿಷೇಧಿಸಿದ ಔಷಧಿಗಳ ಪಟ್ಟಿಯಲ್ಲಿ ಇಲ್ಲ. ಆದರೂ ಕುಸ್ತಿ ಆಡುತ್ತೇನೆ ಅಂತ ಮೊದಲೇ ಡಾಕ್ಟರಿಗೆ ಹೇಳಿಬಿಡಬೇಕು.

ಪಿಟಿ ಮಾಸ್ತರು, ಚಿತ್ತಾಪುರ:
ಗೆಳೆಯರು "ಎರಡು ಪೆಗ್ ಹಾಕು, ಸರಿಹೋಗ್ತದ" ಅಂತ ಕರೆದೊಯ್ಯದಂತೆ ನೋಡಿಕೊಳ್ಳಿ. ಕುಡಿತದಿಂದ ಡಿಪ್ರೆಶನ್ ಇನ್ನೂ ಜಾಸ್ತಿ ಆಗುತ್ತದೆ.

ಆಸ್ಪತ್ರೆಯಲ್ಲಿ ಕೆಲಸ ಮಾಡುವ ಅಕ್ಕ:
ಮೇಲಿನವರು ಕಷ್ಟದ ಪ್ರಶ್ನೆ ಬಿಟ್ಟಿದ್ದಾರೆ. ಅವನು ಮಾತಾಡಲು ಶುರು ಮಾಡಿದರೆ, "ಸಾಯಬೇಕು ಅನ್ನಿಸ್ತದೇನು?" ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟಲ್ಲ. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ, ಮನೆಯವರಿಗೆ ತಿಳಿಸಿ, ಅವತ್ತೇ ಆಸ್ಪತ್ರೆಗೆ ಕರೆತನ್ನಿ. ಗುಟ್ಟು ಕಾಪಾಡುತ್ತೇನೆ ಅಂತ ಮಾತು ಕೊಡಬೇಡಿ.

14416 ಟೆಲಿ ಮಾನಸ್ ನಂಬರ್, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ. 2022ರಿಂದ ಇದೆ, ಹಗಲೂ ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಅವನಿಗೆ ಸಂಕೋಚ ಅನ್ನಿಸಿದರೆ ಮೊದಲು ನೀವೇ ಮಾಡಿ. ನಮ್ಮ ತಂಡದ ಹುಡುಗ ಹೀಗಿದ್ದಾನೆ, ನಾನೇನು ಮಾಡಲಿ ಅಂತ ಕೇಳಿದರೂ ಅವರು ಹೇಳುತ್ತಾರೆ.