ಪೋರ್ನ್ ಚಟ ಬಿಡ್ತಿದ್ದೇನೆ, ಮಳೆಗಾಲದ ಖಾಲಿ ಹೊತ್ತಿಗೆ ಏನು ಮಾಡಲಿ?

ಜಗಲಿಕಟ್ಟೆ:
ನಮಸ್ಕಾರ. ವಯಸ್ಸು 27. ತೀರ್ಥಹಳ್ಳಿ ಹತ್ತಿರದ ಹಳ್ಳಿ, ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ. ಕಾಲೇಜಿನಿಂದ ಪೋರ್ನ್ ನೋಡುವ ಚಟ. ಯಾವಾಗಲೋ ಒಮ್ಮೆ ಅಲ್ಲ, ರಾತ್ರಿ ಎರಡರ ತನಕ ನೋಡಿ, ಬೆಳಿಗ್ಗೆ ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ ತೂಕಡಿಸುವಷ್ಟು.

ಬೇಸಿಗೆಯಲ್ಲಿ ಬಿಡಲು ಶುರು ಮಾಡಿದೆ. ಆಗ ಅಷ್ಟು ಕಷ್ಟ ಆಗಲಿಲ್ಲ. ಸಂಜೆಯಾದರೆ ವಾಲಿಬಾಲ್ ಇತ್ತು, ಮದುವೆ ಮನೆ ಇತ್ತು, ಯಾರದ್ದೋ ಚಪ್ಪರದ ಕೆಲಸ ಇತ್ತು, ರಾತ್ರಿ ಹಾಸಿಗೆಗೆ ಬಿದ್ದರೆ ಬೆಳಗೇ. ಈಗ ಆಷಾಢದ ಮಳೆ. ಆರು ಗಂಟೆಗೆ ಲ್ಯಾಪ್‌ಟಾಪ್ ಮುಚ್ಚಿದರೆ ಹನ್ನೊಂದರವರೆಗೆ ಏನಿದೆ ಹೇಳಿ? ಅಪ್ಪ ಟಿವಿ ಮುಂದೆ, ಅಮ್ಮ ಬೇಗ ಮಲಗುತ್ತಾರೆ, ನಾನು ಕೋಣೆಯಲ್ಲಿ ಫೋನ್ ಹಿಡಿದು. ಎರಡು ಸಲ ಜಾರಿದೆ. ದಿನ ಎಣಿಸುವ ಆ್ಯಪ್ ಸೊನ್ನೆಗೆ ಬಂತು, ಹೇಗೂ ಹೋಯ್ತಲ್ಲ ಅಂತ ಆ ವಾರವೆಲ್ಲ ನೋಡಿದೆ.

ನೆಟ್‌ನಲ್ಲಿ ಹುಡುಕಿದರೆ ನಾಲ್ಕಕ್ಕೆ ಏಳು, ತಣ್ಣೀರು ಸ್ನಾನ ಮಾಡು, ಜಿಮ್‌ಗೆ ಹೋಗು ಅಂತಾರೆ. ನಮ್ಮ ಬಾವಿ ನೀರಲ್ಲಿ ಈಗ ನಾಲ್ಕು ಗಂಟೆಗೆ ಸ್ನಾನ ಮಾಡಿದರೆ ಜ್ವರವೇ ಗತಿ. ಇಲ್ಲಿ ಆಗುವಂಥದ್ದು ಏನಾದರೂ ಇದ್ದರೆ ಹೇಳಿ. ಇನ್ನೊಂದು, ಇಷ್ಟು ವರ್ಷದ ಹಸ್ತಮೈಥುನದಿಂದ ಶಕ್ತಿ ಹೋಗಿರಬಹುದು ಅನ್ನೋ ಭಯವೂ ಇದೆ. ಬಸ್ ಸ್ಟ್ಯಾಂಡ್ ಗೋಡೆ ಮೇಲೆಲ್ಲ ಹಾಗೇ ಬರೆದಿರುತ್ತದೆ.

ಕೊನೆಗೌಡ:
ತಮ್ಮಾ, ನಾನು ಸಾಗರದ ಕಡೆಯವನು, ನಿನಗಿಂತ ಹದಿನೈದು ವರ್ಷ ದೊಡ್ಡವನು. ಈ ದಾರಿ ನನಗೂ ಗೊತ್ತು. ನಿನ್ನ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಬೇಸಿಗೆಯಲ್ಲಿ ನೀನು ಮನಸ್ಸು ಗಟ್ಟಿ ಮಾಡಿದ್ದಕ್ಕೆ ನಿಂತಿದ್ದಲ್ಲ ಅದು, ಸಂಜೆಗೆ ಜನ ಇದ್ದರು, ಮೈಗೆ ದಣಿವಿತ್ತು, ಅಷ್ಟೇ. ಆದ್ದರಿಂದ ಇಡೀ ದಿನ ತಿದ್ದಲು ಹೋಗಬೇಡ. ಆರರಿಂದ ಹನ್ನೊಂದು, ಅದೊಂದನ್ನು ನೋಡಿಕೋ.

ಮೊದಲು ಫೋನ್. ಚಾರ್ಜರ್ ಕೋಣೆಯಿಂದ ತೆಗೆದು ಅಡುಗೆಮನೆಯಲ್ಲಿ ಮಿಕ್ಸಿ ಪಕ್ಕದ ಪಾಯಿಂಟ್‌ಗೆ ಹಾಕು. ಒಂಬತ್ತೂವರೆಗೆ ಫೋನ್ ಅಲ್ಲಿಗೆ. ಅಲಾರಂಗೆ ಬೇಕು ಅಂತ ನೆವ ಹೇಳಬೇಡ, ಪೇಟೆಯಲ್ಲಿ ಅಲಾರಂ ಗಡಿಯಾರ ಸಿಗುತ್ತೆ. ಮನೆಗೆ ವೈಫೈ ಇದ್ದರೆ ರೂಟರ್‌ನ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ (ಸೈಟ್‌ನ ಹೆಸರಿಗೆ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಅನ್ನುವ ಜಾಗದಲ್ಲಿ 1.1.1.3 ಹಾಕು. ಅದು ಕ್ಲೌಡ್‌ಫ್ಲೇರ್‌ನವರ ಉಚಿತ ಸೌಲಭ್ಯ, ವಯಸ್ಕರ ಸೈಟ್‌ಗಳನ್ನು ತಡೆಯುತ್ತದೆ. ಮೊಬೈಲ್ ಡೇಟಾ ಹಾಕಿಕೊಂಡರೆ ಅದರ ಆಟ ನಡೆಯುವುದಿಲ್ಲ, ಪೂರಾ ಬೇಲಿ ಅಂತ ನಂಬಬೇಡ. ಆದರೆ ನಿದ್ದೆಗಣ್ಣಲ್ಲಿ ಬೆರಳು ಸುಮ್ನೆ ಹೋಗುವ ಹೊತ್ತಿಗೆ ಇಷ್ಟು ತಡೆ ಇದ್ದರೂ ಸಾಕಾಗುತ್ತೆ ಎಷ್ಟೋ ಸಲ.

ವ್ಯಾಯಾಮಕ್ಕೆ ಜಿಮ್ ಯಾಕೆ? ಪಾಚಿ ಕಟ್ಟಿದ ಅಂಗಳದಲ್ಲಿ ಓಡಲು ಮಾತ್ರ ಹೋಗಬೇಡ, ಸೊಂಟ ಮುರಿಯುತ್ತೆ. ಜಗಲಿ ಮೇಲೆ ಸ್ಕಿಪ್ಪಿಂಗ್, ಬಸ್ಕಿ, ಸೂರ್ಯನಮಸ್ಕಾರ, ಬೆವರು ಬರುವಷ್ಟು. ಇಲ್ಲ ಅಂದರೆ ಕೊಡೆ ಹಿಡಿದು ಟಾರು ರಸ್ತೆಯಲ್ಲಿ ಒಂದು ಸುತ್ತು. ಇಂಬಳ (ಜಿಗಣೆ) ಹತ್ತಿದರೆ ಹತ್ತಲಿ, ಉಪ್ಪು ಇಟ್ಟುಕೋ. ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವವರು ಬಂದ ದಿನ ಅವರ ಜೊತೆ ನಿಲ್ಲು, ಮೈಲುತುತ್ತು ಕದಡು, ಪೈಪು ಎಳೆ. ದೀಪಾವಳಿ ಹೊತ್ತಿಗೆ ಅಡಿಕೆ ಕೊನೆ ಕೊಯ್ಲು ಶುರುವಾದ ಮೇಲಂತೂ ಅಡಿಕೆ ಸುಲಿಯುವ ಕಡೆ ಹೋಗಿ ಕೂತುಬಿಡು. ಮೆಟ್ಟುಗತ್ತಿ ಮುಂದೆ ಕೂತವನ ಎರಡೂ ಕೈಗೆ ಚೊಗರು ಮೆತ್ತಿರುತ್ತೆ, ಬೇಕು ಅಂದರೂ ಫೋನ್ ಮುಟ್ಟಲು ಆಗಲ್ಲ, ಸುತ್ತ ಹತ್ತು ಜನ ಊರ ಸುದ್ದಿ ಮಾತಾಡ್ತಿರ್ತಾರೆ. ನನಗೆ ಯಾವ ಆ್ಯಪ್ ಕೊಡದಿದ್ದನ್ನು ಅದು ಕೊಟ್ಟಿದೆ.

ಆ ದಿನ ಎಣಿಸುವ ಆ್ಯಪ್ ತೆಗೆದುಹಾಕು ಮಾರಾಯ.

ಬುಲೆಟ್_ಬಸವ:
ಇಷ್ಟೆಲ್ಲ ಯಾಕೆ, ಒಂದು ಮದುವೆ ಮಾಡ್ಕೊಳ್ಳಿ ಬ್ರೋ, ತಾನೇ ಸರಿಯಾಗುತ್ತೆ.

ಮಲ್ಲಿಗೆಬಳ್ಳಿ:
ಬಸವ ಅವರೇ, ಹಾಗೆ ಅಂದುಕೊಂಡು ಮದುವೆ ಆದವರ ಹೆಂಡತಿ ನಾನು. ಸರಿಯಾಗಲಿಲ್ಲ. ರಾತ್ರಿ ಫೋನ್ ಹಿಡಿದು ಬಚ್ಚಲಿಗೆ ಹೋದರೆ ಅರ್ಧ ಗಂಟೆ. ನನ್ನಲ್ಲೇ ಏನೋ ಕಡಿಮೆ ಅಂತ ಒಂದು ವರ್ಷ ಅತ್ತಿದ್ದೇನೆ. ಮದುವೆ ಅಂದರೆ ಗಂಡಸಿನ ಚಟಕ್ಕೆ ಔಷಧಿ ಅಲ್ಲ. ಈಗ ಅವರು ಕೌನ್ಸೆಲಿಂಗ್ ತಗೊಂಡು ಎಷ್ಟೋ ಸುಧಾರಿಸಿದ್ದಾರೆ, ಅದನ್ನೂ ಹೇಳಬೇಕು. ಆದರೆ ಸುಧಾರಿಸಿದ್ದು ಚಿಕಿತ್ಸೆಯಿಂದ, ನನ್ನಿಂದಲ್ಲ.

ಜಗಲಿಕಟ್ಟೆ ಅವರೇ, ನಿಮಗೆ ಒಂದು ಮಾತು. ಊಟದ ಹೊತ್ತು ಸರಿ ಮಾಡಿಕೊಳ್ಳಿ. ನಮ್ಮನೆಯವರು ಮಧ್ಯಾಹ್ನದ ಊಟ ಮೂರೂವರೆಗೆ, ಅಷ್ಟರವರೆಗೆ ಬರೀ ಕಾಫಿ. ಸಂಜೆಗೆ ತಲೆನೋವು, ಸಿಡಿಮಿಡಿ, ಆಮೇಲೆ ಕೋಣೆ ಬಾಗಿಲು. ವಿಶೇಷ ಪಥ್ಯ ಏನೂ ಬೇಡ. ಗಂಜಿ, ಒಂದೆಲಗದ ತಂಬುಳಿ, ಕಾಳು ಪಲ್ಯ, ಹೊತ್ತಿಗೆ ಸರಿಯಾಗಿ. ರಾತ್ರಿ ಊಟ ಅಪ್ಪ ಅಮ್ಮನ ಜೊತೆ ಕೂತು ಮಾಡಿ, ತಟ್ಟೆ ಹಿಡಿದು ಕೋಣೆಗೆ ಹೋಗಬೇಡಿ.

ತುಂಗೆದಂಡೆ:
ನಾನು ಶಿವಮೊಗ್ಗದಲ್ಲಿ ಆಪ್ತಸಮಾಲೋಚಕಿ. ಮೊದಲು ಆ ಗೋಡೆ ಬರಹ. ವೀರ್ಯ ದೇಹದಲ್ಲಿ ಉತ್ಪತ್ತಿ ಆಗುತ್ತಲೇ ಇರುತ್ತದೆ, ಅದು ಹೋದರೆ ಶಕ್ತಿ ಹೋಗುತ್ತದೆ ಅನ್ನೋದು ಸುಳ್ಳು. ಈ ಭಯವೇ ನಮ್ಮ ಕಡೆ ಎಷ್ಟು ಜಾಸ್ತಿ ಅಂದರೆ ಮನೋವೈದ್ಯರು ಅದಕ್ಕೆ ಧಾತು ಸಿಂಡ್ರೋಮ್ ಅಂತ ಹೆಸರಿಟ್ಟಿದ್ದಾರೆ. ಲಾಡ್ಜ್‌ನಲ್ಲಿ ಕೂತು ಲೇಹ್ಯ ಮಾರುವವರಿಗೆ ಈ ಭಯವೇ ಬಂಡವಾಳ. ಒಂದು ರೂಪಾಯಿಯೂ ಕೊಡಬೇಡಿ.

ಇನ್ನು ಚಟದ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11 ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಹಿಡಿತಕ್ಕೆ ಸಿಗದ ಲೈಂಗಿಕ ವರ್ತನೆಯನ್ನು ಅದು ಒಂದು ಕಾಯಿಲೆ ಅಂತ ಸೇರಿಸಿದೆ. ಆರು ತಿಂಗಳು ಅಥವಾ ಹೆಚ್ಚು ಕಾಲ ಹಿಡಿತ ತಪ್ಪಿ, ಕೆಲಸ, ಆರೋಗ್ಯ, ಸಂಬಂಧ ಹಾಳಾಗುತ್ತಿದ್ದರೆ ಅದು ಗಮನ ಕೊಡಬೇಕಾದ ವಿಷಯ. ಆದರೆ 'ಛೇ ನಾನು ಪಾಪ ಮಾಡಿದೆ' ಅನ್ನೋ ಕೊರಗು ಒಂದೇ ಇದ್ದರೆ ಅದನ್ನು ಕಾಯಿಲೆ ಅನ್ನುವಂತಿಲ್ಲ ಅಂತಲೂ ಅಲ್ಲೇ ಇದೆ. ನಿಮ್ಮದು ಯಾವುದು ಅಂತ ನಾನು ಇಲ್ಲಿ ಕೂತು ಹೇಳಲಾರೆ, ಅದಕ್ಕೇ ಒಮ್ಮೆ ತೋರಿಸಿ ಅನ್ನೋದು.

ಆ್ಯಪ್ ಬಗ್ಗೆ ಅಣ್ಣ ಹೇಳಿದ್ದು ಸರಿ. ಒಂದು ರಾತ್ರಿ ಜಾರುವುದು ಬೇರೆ, ಎಲ್ಲ ಮುಗೀತು ಅಂತ ವಾರವೆಲ್ಲ ನೋಡುವುದು ಬೇರೆ. ಕೆಡಿಸುವುದು ಎರಡನೆಯದು. ಸೊನ್ನೆ ಕಂಡಾಗ ಹುಟ್ಟುವ ಹತಾಶೆ ಇದೆಯಲ್ಲ, ಅದೇ ಮತ್ತೆ ಹಾಸಿಗೆಗೆ ಫೋನ್ ತರಿಸುತ್ತದೆ. ಜಾರಿದ ಮಾರನೆಯ ಬೆಳಿಗ್ಗೆ ಒಂದೇ ಸಾಲು ಬರೆದಿಡಿ: ಎಷ್ಟು ಹೊತ್ತಿಗೆ, ಎಲ್ಲಿ, ಅದಕ್ಕೆ ಮುಂಚೆ ಏನಾಗಿತ್ತು. ಸ್ವಲ್ಪ ದಿನಕ್ಕೆ ನಿಮಗೇ ಕಾಣುತ್ತದೆ. ಮ್ಯಾನೇಜರ್ ಬೈದ ದಿನವೋ, ನಿದ್ದೆಗೆಟ್ಟ ದಿನವೋ, ಯಾರ ಜೊತೆಗೂ ಮಾತಾಡದ ಭಾನುವಾರವೋ.

ಆಸೆ ಬಂದಾಗ ಅದರ ಜೊತೆ ಕುಸ್ತಿ ಬೇಡ. ನಮ್ಮ ಮಳೆ ಎಷ್ಟೇ ಧೋ ಅಂತ ಸುರಿದರೂ ಒಂದು ಹೊತ್ತಿಗೆ ಹೊಳವಾಗುತ್ತೆ ಅಲ್ವಾ, ಇದೂ ಹಾಗೆ. ಮೇಲೇರುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಹೊತ್ತು ಕೋಣೆಯಿಂದ ಹೊರಗೆ ಬನ್ನಿ. ಹಂಡೆ ಒಲೆಗೆ ಸೌದೆ ಒಟ್ಟಿ, ಅಪ್ಪನ ಪಕ್ಕ ಕೂತು ಆ ಧಾರಾವಾಹಿಯನ್ನೇ ನೋಡಿ ಬೇಕಾದರೆ. ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ ಅಥವಾ ಅಂಥ ಕೆಲಸ ಇದ್ದರೆ ದೇಹಕ್ಕೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನಾಲ್ಕಕ್ಕೆ ಏಳುವ ಶಪಥ ಬೇಡ, ಏಳುವ ಹೊತ್ತು ದಿನಾ ಒಂದೇ ಇದ್ದರೆ ಸಾಕು.

ಈಗಲೇ ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416. ಉಚಿತ, ಕನ್ನಡದಲ್ಲಿ, ಹಗಲು ರಾತ್ರಿ. ಬೆಂಗಳೂರಿಗೆ ಹೋಗುವುದಿದ್ದರೆ ನಿಮ್ಹಾನ್ಸ್‌ನಲ್ಲಿ ಶಟ್ ಕ್ಲಿನಿಕ್ ಅಂತ ಇದೆ, 2014ರಲ್ಲಿ ಶುರುವಾದದ್ದು, ಮೊಬೈಲ್ ಇಂಟರ್ನೆಟ್ ಅತಿಯಾದವರಿಗೆಂದೇ. ಹತ್ತಿರಕ್ಕೆ ಅಂದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗ.

ಜಗಲಿಕಟ್ಟೆ:
ಎಲ್ಲರಿಗೂ ಥ್ಯಾಂಕ್ಸ್. ಚಾರ್ಜರ್ ನಿನ್ನೆಯೇ ಅಡುಗೆಮನೆಗೆ ಹೋಯಿತು, ಅಮ್ಮ ಯಾಕೆ ಅಂತ ಕೇಳಿದರು, ಕೋಣೆಯ ಪಾಯಿಂಟ್ ಲೂಸ್ ಆಗಿದೆ ಅಂದೆ. ವಾಲಿಬಾಲ್ ಹುಡುಗರಿಗೆ ಮೆಸೇಜ್ ಹಾಕಿದ್ದೇನೆ, ಶಾಲೆಯ ಹಾಲ್‌ನಲ್ಲಿ ಸಂಜೆ ಶಟ್ಲ್ ಆಡೋಣ ಅಂತ, ಮೇಷ್ಟ್ರು ಬೀಗ ಕೊಟ್ಟರೆ ಆಯ್ತು. ಮೆಗ್ಗಾನ್‌ಗೆ ಹೋಗಲು ಮಾತ್ರ ಹಿಂಜರಿಕೆ ಅಕ್ಕ. ನಮ್ಮೂರಿನವರು ಅಲ್ಲಿ ಸಿಗದ ದಿನವೇ ಇಲ್ಲ. ಮನೆಗೆ ಗೊತ್ತಾದರೆ?

ತುಂಗೆದಂಡೆ:
ನೀವು ಹೇಳಿದ್ದನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ಆ ಹಕ್ಕು ಇದೆ. ಜೀವಕ್ಕೆ ಅಪಾಯ ಇದ್ದಾಗ, ಕೋರ್ಟು ಕೇಳಿದಾಗ, ಅಂಥ ಕೆಲವು ಸಂದರ್ಭ ಬಿಟ್ಟರೆ ನಿಮ್ಮ ಒಪ್ಪಿಗೆ ಇಲ್ಲದೆ ಮನೆಯವರಿಗೆ ಹೇಳುವಂತಿಲ್ಲ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ. ಕೌಂಟರ್‌ನಲ್ಲಿ ವಿಭಾಗದ ಹೆಸರು ಹೇಳಿದರೆ ಸಾಕು, ಕಾರಣ ಹೇಳಬೇಕಾಗಿಲ್ಲ. ಊರಿನವರು ಸಿಕ್ಕಿ ಏನು ಬಂದದ್ದು ಅಂದರೆ ನಿದ್ದೆ ಬರ್ತಿಲ್ಲ ಅನ್ನಿ. ಅದು ಸುಳ್ಳೇನೂ ಅಲ್ವಲ್ಲ.