ಮಂಡಿನೋವಿನ ಅವ್ವನ ಜೊತೆ ಹಂಪಿ: ಹೋಗಿ ಬಂದವರು ಸ್ವಲ್ಪ ಹೇಳ್ರಿ

ಸಿಂಧನೂರಿನಿಂದ ಪ್ರಶ್ನೆ
ಅವ್ವನಿಗೆ 68 ವರ್ಷ, ಎರಡೂ ಮಂಡಿ ನೋವು. ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದರೂ ಹಂಪಿ ನೋಡಿಲ್ಲ. ಇಬ್ಬರು ಮಕ್ಕಳೂ ಇರ್ತಾರೆ. ಕಾರು ಇದೆ, ಎರಡು ದಿನ ರಜೆ. ಏನು ನೋಡೋದು, ಏನು ಬಿಡೋದು?

ಗಂಗಾವತಿಯಿಂದ
ಅಕ್ಕಾರೆ, ನಮ್ಮಪ್ಪನಿಗೂ ಮಂಡಿನೋವು. ಮೊದಲ ಸಲ ಏಪ್ರಿಲ್‌ನಲ್ಲಿ ಒಂದೇ ದಿನಕ್ಕೆ ಎಲ್ಲಾ ಮುಗಿಸೋಣ ಅಂತ ಹೊರಟೆವು. ಕಮಲ ಮಹಲು ಬರೋ ಹೊತ್ತಿಗೆ ಮರದ ನೆರಳಿಗೆ ಕೂತು, "ನೀವು ನೋಡಿ ಬರ್ರಿ, ನಾ ಇಲ್ಲೇ ಇರ್ತೀನಿ" ಅಂದರು. ಅವರಿಗೋಸ್ಕರ ಅಂತ ಹೋದವರು ಅವರನ್ನೇ ಬಿಟ್ಟು ನೋಡಿ ಬಂದ್ವಿ. ಆ ಬೇಜಾರು ಇವತ್ತಿಗೂ ಹೋಗಿಲ್ಲ.

ನೀವು ಹೆಂಗೂ ಗಂಗಾವತಿ ಮೇಲೆ ಬರ್ತೀರಿ. ಮೊದಲ ದಿನ ತುಂಗಭದ್ರಾ ಹೊಳೆ ದಾಟಬೇಡಿ, ಈ ದಡದ ಆನೆಗೊಂದಿಯಲ್ಲೇ ಇರಿ. 1336ರಲ್ಲಿ ವಿಜಯನಗರ ಶುರುವಾಗೋಕ್ಕಿಂತ ಮೊದಲಿನ ಊರು ಅದು. ಗಗನ ಮಹಲು, ರಂಗನಾಥನ ಗುಡಿ ಎರಡೂ ಊರೊಳಗೇ ಇವೆ. ಅಂಜನಾದ್ರಿಗೆ 575 ಮೆಟ್ಟಿಲು, ಮಕ್ಕಳು ಹತ್ತಲಿ, ಅವ್ವ ಬೇಡ. ಮರುದಿನ ಕಡೆಬಾಗಿಲು ಸೇತುವೆ ಮೇಲೆ ಬುಕ್ಕಸಾಗರದ ಕಡೆ ಇಳಿದು ಹಂಪಿಗೆ ಹೋಗ್ರಿ. ಹರಿಗೋಲಿನ ಆಸೆ ಇದ್ದರೆ ಡ್ಯಾಮಿಂದ ನೀರು ಬಿಟ್ಟಿದಾರಾ ಅಂತ ಮೊದಲು ಕೇಳಿ. ನೀರು ಬಿಟ್ಟಾಗ ಪುರಂದರದಾಸರ ಮಂಟಪವೇ ಮುಳುಗುತ್ತೆ, ಹರಿಗೋಲು ಎಲ್ಲಿಯ ಮಾತು.

ವಿರೂಪಾಕ್ಷನ ಗುಡಿ ಮಾತ್ರ ತಪ್ಪಿಸಬೇಡಿ. 1565ರಲ್ಲಿ ಊರು ಹಾಳಾದರೂ ಪೂಜೆ ನಡೀತಿರೋ ಗುಡಿ. ಹಿಂಭಾಗದಲ್ಲಿ ಒಂದು ಕತ್ತಲೆ ಕೋಣೆ ಇದೆ. ಸಣ್ಣ ಕಿಂಡಿಯಿಂದ ಬೆಳಕು ಬಂದು ಎದುರಿನ ಗೋಡೆ ಮೇಲೆ ರಾಜಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತೆ. ಎರಡನೇ ಸಲ ಹೋದಾಗ ಅಪ್ಪ ಗೋಡೆಯ ಮುಂದೆ ಅಂಗೈ ಹಿಡಿದರು. ಗೋಪುರ ಅಂಗೈಗೆ ಬಂತು, ಕಳಸ ಕೆಳಗೆ, ಮಣಿಕಟ್ಟಿನ ಹತ್ತಿರ. ಬಹಳ ಹೊತ್ತು ಕೈ ತೆಗೀಲಿಲ್ಲ.

ಬಳ್ಳಾರಿಯಿಂದ
ವಿಠ್ಠಲ ಗುಡಿಗೆ ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ. ಕಾರು ನಿಲ್ಲಿಸೋ ಜಾಗದಿಂದ ಗುಡಿ ಸುಮಾರು ಒಂದು ಕಿಲೋಮೀಟರ್, ಬ್ಯಾಟರಿ ಗಾಡಿ ಓಡ್ತವೆ. ತಡವಾದರೆ ಅದರ ಸರದಿಯಲ್ಲೇ ಅವ್ವನ ಕಾಲು ಸೋಲುತ್ತೆ. ಅಲ್ಲಿ ತಗೊಂಡ ಟಿಕೆಟ್ ಅದೇ ದಿನ ಕಮಲ ಮಹಲು, ಆನೆಲಾಯಕ್ಕೂ ನಡೆಯುತ್ತೆ, ಬಿಸಾಡಬೇಡಿ. ಸಂಗೀತದ ಕಂಬ ಬಡಿದು ನೋಡೋ ಹಾಗಿಲ್ಲ, ಮಕ್ಕಳಿಗೆ ಮೊದಲೇ ಹೇಳಿಡಿ.

ಅದರ ಬದಲು ಮಹಾನವಮಿ ದಿಬ್ಬದ ಹತ್ತಿರದ ಮೆಟ್ಟಿಲು ಪುಷ್ಕರಣಿಗೆ ಕರ್ಕೊಂಡು ಹೋಗಿ. 1980ರ ದಶಕದ ಉತ್ಖನನದಲ್ಲಿ ಮಣ್ಣಿನಡಿಯಿಂದ ಸಿಕ್ಕಿದ್ದು. ಕಪ್ಪು ಕಲ್ಲುಗಳ ಮೇಲೆ ಕಲ್ಲುಕುಟಿಗರು ಕೆತ್ತಿದ ಗುರುತು ಇವೆ: ಯಾವ ದಿಕ್ಕು, ಎಷ್ಟನೇ ಸಾಲು, ಯಾವ ಜಾಗ. ನನ್ನ ಮಗಳು ಅರ್ಧ ಗಂಟೆ ಅದನ್ನೇ ಹುಡುಕಿದಳು. ರಾಜರ ಕಥೆ ಎಲ್ಲರೂ ಹೇಳ್ತಾರೆ, ದುಡಿದವರ ಕೈ ಕಾಣೋದು ಇಲ್ಲೇ.

ಕೊಪ್ಪಳದಿಂದ
ಎಲ್ಲರಿಗೂ ಸಾಕ್ಸ್ ಇಟ್ಕೊಳ್ಳಿ. ಚಪ್ಪಲಿ ಬಿಟ್ಟು ಗುಡಿ ಅಂಗಳ ದಾಟುವಾಗ ಮಧ್ಯಾಹ್ನದ ಕಲ್ಲು ಅಂಗಾಲು ಸುಡುತ್ತೆ. ಕಮಲಾಪುರದ ಮ್ಯೂಸಿಯಂ ಶುಕ್ರವಾರ ಮುಚ್ಚಿರುತ್ತೆ. ಬೇರೆ ದಿನ ಆದರೆ ಬಿಸಿಲೇರಿದ ಮೇಲೆ ಅಲ್ಲಿ ಇರಿ. ಇಡೀ ಹಂಪಿಯ ಮಾದರಿ ಮಾಡಿಟ್ಟಿದ್ದಾರೆ, ಹತ್ತಲಾಗದ ಬೆಟ್ಟಗಳನ್ನೆಲ್ಲ ಅವ್ವ ಅಲ್ಲೇ ನೋಡಬಹುದು.

ಮಾನ್ವಿಯಿಂದ
ನರಸಿಂಹನ ಮೂರ್ತಿ, ಪಕ್ಕದ ಬಡವಿಲಿಂಗ ಎರಡಕ್ಕೂ ಹೆಚ್ಚು ನಡೆಯೋದಿಲ್ಲ, ಅವ್ವನಿಗೆ ಅನುಕೂಲ. ನರಸಿಂಹನ ಮೂರ್ತಿ ಕೃಷ್ಣದೇವರಾಯ 1528ರಲ್ಲಿ ಮಾಡಿಸಿದ್ದು, 6.7 ಮೀಟರ್ ಎತ್ತರ. ಉಗ್ರನರಸಿಂಹ ಅಂತಾರೆ, ಆದರೆ ಅದು ಲಕ್ಷ್ಮೀನರಸಿಂಹ. ತೊಡೆ ಮೇಲಿದ್ದ ಲಕ್ಷ್ಮಿ ಈಗಿಲ್ಲ, ಅವನ ಬೆನ್ನು ಬಳಸಿದ್ದ ಅವಳ ಕೈ ಮಾತ್ರ ಉಳಿದಿದೆ. ನಮ್ಮಮ್ಮನಿಗೆ ಹೇಳಿದಾಗ ಸೆರಗು ಬಾಯಿಗೆ ಹಿಡಿದು ಸುಮ್ಮನೆ ನಿಂತುಬಿಟ್ಟಿದ್ದರು. ಅಲ್ಲಿ ಅವಸರ ಮಾಡಬೇಡಿ.